ಒಗ್ಗುವುದು, ಆತುಕೊಳ್ಳುವುದು, ಚಟ ಬೀಳುವುದು: ಅಫೀಮಿನ ಕುಲದ ನೋವಿನ ಮಾತ್ರೆಗಳ ಬಗ್ಗೆ

ಎರಡು ವರ್ಷಗಳ ಹಿಂದಿನ ಆಷಾಢದಲ್ಲಿ, ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಸೋದರಮಾವನಿಗೆ ಶೀತವಾಗಿದೆಯೆಂದು ಮನೆಯವರೆಲ್ಲ ತಿಳಿದಿದ್ದರು. ಕಣ್ಣು ಮೂಗುಗಳಲ್ಲಿ ನೀರು ಸುರಿಯುತ್ತಿತ್ತು, ಒಂದರ ಬೆನ್ನಿಗೆ ಒಂದು ಆಕಳಿಕೆ ಬರುತ್ತಿತ್ತು, ಕಂಬಳಿ ಹೊದ್ದು ಬಚ್ಚಲೊಲೆಯ ಮುಂದೆ ಕುಳಿತರೂ ಮೈಯ ರೋಮ ನಿಮಿರಿಯೇ ಇತ್ತು. ಹೊಟ್ಟೆ ನುಲಿದು ಭೇದಿಯಾಗುತ್ತಿತ್ತು. ರಾತ್ರಿ ಕಾಲುಗಳನ್ನು ಒಂದು ಕಡೆ ಇಡಲಾಗದೆ ಹೊರಳಾಡುತ್ತಿದ್ದರು. ಗಾಳಿಮಳೆಗೆ ಮರ ಬಿದ್ದು ರಸ್ತೆ ಮುಚ್ಚಿದ್ದರಿಂದ ಪೇಟೆಗೆ ಹೋಗುವಂತಿರಲಿಲ್ಲ. ಕಾಳುಮೆಣಸಿನ ಕಷಾಯ, ಶುಂಠಿ, ಬಿಸಿ ಗಂಜಿ ಎಲ್ಲವೂ ಆದವು. ನಾಲ್ಕನೆಯ ದಿನ ರಸ್ತೆ ತೆರೆಯಿತು. ಮುಗಿದುಹೋಗಿದ್ದ ಸೊಂಟನೋವಿನ ಮಾತ್ರೆಯನ್ನು ಮಗ ಪೇಟೆಯಿಂದ ತಂದುಕೊಟ್ಟ. ಅದನ್ನು ನುಂಗಿದ ಒಂದೆರಡು ಗಂಟೆಯೊಳಗೆ ಶೀತ, ಭೇದಿ, ನಡುಕ ಎಲ್ಲ ಒಟ್ಟಿಗೇ ಹೋದವು. ಅತ್ತೆಗೆ ಮಾತ್ರ ಅದು ಸರಿಯೆನಿಸಲಿಲ್ಲ. “ಇದೆಂಥ ಶೀತ, ಸೊಂಟನೋವಿನ ಮಾತ್ರೆಗೆ ಹೋಗುವುದು?” ಎಂದು ಅವರು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಮೂಲ.

ಆ ಮಾತ್ರೆಯಲ್ಲಿದ್ದುದು ಟ್ರಮಡಾಲ್. ಅದಕ್ಕೆ ಎಂಟು ತಿಂಗಳ ಹಿಂದೆ, ಕೊನೆ (ಅಡಿಕೆ ಗೊಂಚಲು) ಕೊಯ್ಯುವಾಗ ಮರದಿಂದ ಜಾರಿಬಿದ್ದು ಬೆನ್ನುಮೂಳೆ ಬಿರುಕುಬಿಟ್ಟಿದ್ದಾಗ ವೈದ್ಯರು ಅದನ್ನು ಹತ್ತು ದಿನಕ್ಕೆಂದು ಬರೆದುಕೊಟ್ಟಿದ್ದರು. ಹತ್ತು ದಿನದ ಚೀಟಿ ಎಂಟು ತಿಂಗಳು ನಡೆದಿತ್ತು, ಏಕೆಂದರೆ ಖಾಲಿ ಪಟ್ಟಿಯನ್ನು ತೋರಿಸಿದರೆ ತುಂಬಿದ ಪಟ್ಟಿ ಸಿಗುತ್ತಿತ್ತು. ದಿನಕ್ಕೆ ಎರಡು ಇದ್ದದ್ದು ಆರಕ್ಕೆ ಏರಿತ್ತು. ಎಲೆಅಡಿಕೆಯ ಹೊರತು ಬೇರೇನನ್ನೂ ಬಾಯಿಗೆ ಹಾಕದ ಮನುಷ್ಯ ಅವರು; ಅವರ ದೇಹವು ಅಫೀಮಿನ ಕುಲದ ಮದ್ದೊಂದಕ್ಕೆ ಆತುಕೊಂಡಿದೆಯೆಂದು ಯಾರಿಗಾದರೂ ಹೊಳೆಯುವುದಾದರೂ ಹೇಗೆ? ಇದೇ ಮಲೆನಾಡಿನಲ್ಲಿ, ಬಾಯಿಯ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದು ನರಳುತ್ತಿರುವವರಿಗೆ ವೈದ್ಯರು ಮಾರ್ಫಿನ್ ಬರೆದರೆ “ಅದು ಅಮಲಿನ ಮದ್ದು, ಚಟವಾಗುತ್ತದೆ” ಎಂದು ಮನೆಯವರೇ ಬೇಡವೆನ್ನುವುದನ್ನೂ ನಾನು ನೋಡಿದ್ದೇನೆ. ಹೆದರಬೇಕಾದಲ್ಲಿ ನಮಗೆ ಹೆದರಿಕೆಯಿಲ್ಲ. ಹೆದರಿಕೆ ಇರುವುದು ಹೆದರಬೇಕಿಲ್ಲದ ಕಡೆ. ಈ ಎರಡು ತಪ್ಪುಗಳೂ ಒಂದೇ ಗೊಂದಲದಿಂದ ಹುಟ್ಟುತ್ತವೆ. ಮೂರು ಬೇರೆಬೇರೆ ಸಂಗತಿಗಳನ್ನು ನಾವು ‘ಚಟ’ ಎಂಬ ಒಂದೇ ಮಾತಿನಲ್ಲಿ ಹಿಡಿಯುತ್ತಿದ್ದೇವೆ.

ಅಲ್ಲಿಗೆ ಬರುವ ಮುನ್ನ ಮಾತ್ರೆಗಳ ಕುಲವನ್ನು ಬಿಡಿಸಿಕೊಳ್ಳಬೇಕು. ಅಡಿಕೆ ಸುಲಿತದ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಕುಳಿತು ಸೊಂಟ ಹಿಡಿದವರು, ಗದ್ದೆ ನೆಟ್ಟಿಯಲ್ಲಿ ಬಗ್ಗಿ ಬೆನ್ನು ಸೋತವರು ಮೆಡಿಕಲ್ ಶಾಪಿಗೆ ಬಂದು ‘ಮೈಕೈನೋವಿನ ಮಾತ್ರೆ’ ಎಂದು ಕೇಳಿದಾಗ ಸಾಮಾನ್ಯವಾಗಿ ಸಿಗುವುದು ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೇನ್ ಗುಂಪಿನ ಮದ್ದುಗಳು. ಇವು ನೋವಿರುವ ಜಾಗದಲ್ಲಿಯೇ ಕೆಲಸ ಮಾಡಿ, ಊತವನ್ನುಂಟುಮಾಡುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ತಯಾರಿಕೆಯನ್ನು ತಡೆಯುತ್ತವೆ. ಚಟ ಹಿಡಿಸುವ ಗುಣ ಇವಕ್ಕಿಲ್ಲ, ಆದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ, ರಕ್ತದೊತ್ತಡದ ಏರಿಕೆ, ರಕ್ತಸ್ರಾವ ಇವು ಇವುಗಳ ಅಪಾಯಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯಲ್ಲಿ ರಕ್ತಸ್ರಾವವಾಗುವ ಸಂಭವವಿರುವುದರಿಂದ, ಜ್ವರದ ಜೊತೆಗೆ ಮೈಯೆಲ್ಲ ಮುರಿದಂತೆ ನೋಯುವಾಗ ನಮ್ಮ ಕಡೆಯವರು ಈ ಗುಂಪಿನ ಮಾತ್ರೆಗಳನ್ನೂ ಆಸ್ಪಿರಿನ್ ಅನ್ನೂ ತಾವಾಗಿಯೇ ನುಂಗಬಾರದು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪ್ಯಾರಸಿಟಮಾಲ್ ಇನ್ನೊಂದು ಕುಲ. ಅಳತೆ ಮೀರಿದರೆ ಅದು ಯಕೃತ್ತನ್ನು ಕೆಡಿಸುತ್ತದೆಯಾದರೂ ಅದಕ್ಕೂ ಚಟಕ್ಕೂ ಸಂಬಂಧವಿಲ್ಲ.

ಮೂರನೆಯ ಕುಲ ಒಪಿಯಾಯ್ಡ್‌ಗಳದು, ಅಂದರೆ ಅಫೀಮಿನ ಕುಲ. ಇವು ಪೆಟ್ಟಾದ ಜಾಗದ ಊತವನ್ನು ಇಳಿಸುವುದಿಲ್ಲ. ಬಿರುಕುಬಿಟ್ಟ ಮೂಳೆ ಬಿರುಕುಬಿಟ್ಟೇ ಇರುತ್ತದೆ; ಅಲ್ಲಿಂದ ಹೊರಟ ನೋವಿನ ಸುದ್ದಿ ಬೆನ್ನುಹುರಿಯಲ್ಲಿಯೂ ಮಿದುಳಿನಲ್ಲಿಯೂ ಸರಿಯಾಗಿ ತಲುಪದಂತೆ ಇವು ನೋಡಿಕೊಳ್ಳುತ್ತವೆ. ತಲುಪಿದರೂ ಅದು ಬಾಧಿಸುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಇವನ್ನು ಪಡೆದವರನ್ನು ಕೇಳಿದರೆ, ನೋವು ಇತ್ತು, ಆದರೆ ಎಲ್ಲೋ ದೂರದಲ್ಲಿ ಇದ್ದಂತಿತ್ತು ಎನ್ನುತ್ತಾರೆ.

ಈ ಕುಲದ ಮೂಲ ನಮ್ಮ ಅಡುಗೆಮನೆಗೆ ಅಪರಿಚಿತವಲ್ಲ. ಹಬ್ಬದೂಟದ ಪಾಯಸಕ್ಕೆ ಅರೆಯುವ ಗಸಗಸೆಯು ಅಫೀಮಿನ ಗಿಡದ್ದೇ ಬೀಜ. ಬೀಜದಲ್ಲಿ ಅಮಲಿನ ಅಂಶ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅದು ಅಫೀಮು, ಸಂಸ್ಕೃತದ ವೈದ್ಯಗ್ರಂಥಗಳ ಅಹಿಫೇನ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಕೆಲವು ಜಿಲ್ಲೆಗಳಲ್ಲಿ ರೈತರು ಸರ್ಕಾರದ ಪರವಾನಗಿ ಪಡೆದು ಇದನ್ನು ಇಂದಿಗೂ ಬೆಳೆಯುತ್ತಾರೆ. ನೀಮಚ್ ಮತ್ತು ಗಾಜೀಪುರಗಳ ಸರ್ಕಾರಿ ಕಾರ್ಖಾನೆಗಳಲ್ಲಿ ಅದು ಸಂಸ್ಕರಣೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಯುವ ಔಷಧ ತಯಾರಕ ಫ್ರೀಡ್ರಿಕ್ ಸೆರ್ಟರ್ನರ್ ಅಫೀಮಿನಿಂದ ಅದರ ಮುಖ್ಯ ಸತ್ವವನ್ನು ಬೇರ್ಪಡಿಸಿ, ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರನ್ನು ಅದಕ್ಕೆ ಕೊಟ್ಟ. ಮಾರ್ಫಿನ್ ಹುಟ್ಟಿದ್ದು ಹಾಗೆ. 1898ರಲ್ಲಿ ಬೇಯರ್ ಕಂಪನಿಯು ಮಾರ್ಫಿನ್ನನ್ನು ತುಸು ಮಾರ್ಪಡಿಸಿ, ಕೆಮ್ಮಿನ ಮದ್ದೆಂದು ಹೆರಾಯಿನ್ ಅನ್ನು ಮಾರುಕಟ್ಟೆಗೆ ತಂದಿತು. ಅಪಾಯವಿಲ್ಲದ ಅಫೀಮು ಸಿಕ್ಕಿತೆಂಬ ನಂಬಿಕೆ ಅಲ್ಲಿಂದ ಮೊದಲಾಗಿ ಪ್ರತಿ ತಲೆಮಾರಿನಲ್ಲಿಯೂ ಹೊಸ ಹೆಸರಿನೊಂದಿಗೆ ಬಂದಿದೆ, ಪ್ರತಿ ಬಾರಿಯೂ ಸುಳ್ಳಾಗಿದೆ. ಕೋಡೀನ್, ಆಕ್ಸಿಕೋಡೋನ್, ಪೆಥಿಡೀನ್, ಬುಪ್ರಿನಾರ್ಫಿನ್, ಟ್ರಮಡಾಲ್, ಟಪೆಂಟಡಾಲ್, ಮಾರ್ಫಿನ್ನಿಗಿಂತ 50ರಿಂದ 100 ಪಟ್ಟು ಪ್ರಬಲವಾದ ಫೆಂಟನಿಲ್ ಎಲ್ಲವೂ ಈ ವಂಶದವೇ.

ಹೊರಗಿನ ಗಿಡವೊಂದರ ಹಾಲಿಗೆ ನಮ್ಮ ಮಿದುಳು ಏಕೆ ಇಷ್ಟು ಮಣಿಯುತ್ತದೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇತ್ತೀಚೆಗೆ. 1973ರಲ್ಲಿ ಮಿದುಳಿನ ಜೀವಕೋಶಗಳ ಮೇಲೆ ಈ ಮದ್ದುಗಳು ಕೂರುವ ಗ್ರಾಹಕಗಳು ಪತ್ತೆಯಾದವು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಅವರು ದೇಹವು ತಾನೇ ತಯಾರಿಸಿಕೊಳ್ಳುವ, ಇದೇ ಗ್ರಾಹಕಗಳಿಗೆ ಹೊಂದುವ ಎನ್‌ಕೆಫಲಿನ್ ಎಂಬ ವಸ್ತುಗಳನ್ನು ಗುರುತಿಸಿದರು. ಪೆಟ್ಟುಬಿದ್ದವನು ಆ ಕ್ಷಣಕ್ಕೆ ನೋವನ್ನು ಮರೆತು ಓಡಲು ಶಕ್ತನಾಗುವುದು ಇಂಥ ಒಳಗಿನ ಮದ್ದಿನಿಂದ. ಗಿಡದ ಹಾಲು ಆ ಬೀಗಕ್ಕೇ ಹೊಂದುವ ಕಳ್ಳಕೀಲಿ. ಆದರೆ ಬೀಗಗಳಿರುವುದು ನೋವಿನ ದಾರಿಯಲ್ಲಿ ಮಾತ್ರವಲ್ಲ. ಸುಖದ ಅನುಭವವನ್ನು ನಡೆಸುವ ಭಾಗದಲ್ಲಿ, ಮಿದುಳಿನ ಬುಡದಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರದಲ್ಲಿ, ಕರುಳಿನ ಗೋಡೆಯಲ್ಲಿ ಕೂಡ ಅವೇ ಬೀಗಗಳಿವೆ. ನೋವಿಗೆಂದು ನುಂಗಿದ ಮಾತ್ರೆ ಒಂದೇ ಹೊತ್ತಿಗೆ ಎಲ್ಲವನ್ನೂ ತೆರೆಯುತ್ತದೆ: ನೋವು ಇಳಿಯುತ್ತದೆ, ಮನಸ್ಸು ಹಗುರಾಗುತ್ತದೆ, ಉಸಿರು ನಿಧಾನವಾಗುತ್ತದೆ, ಮಲ ಗಟ್ಟಿಯಾಗುತ್ತದೆ. ಮುಂದಿನ ಎಲ್ಲ ಕಷ್ಟಗಳೂ ಈ ಒಂದು ಸಂಗತಿಯಿಂದಲೇ ಹೊರಡುತ್ತವೆ.

ಈಗ ಆ ಮೂರು ಮಾತುಗಳಿಗೆ ಬರೋಣ. ಮೊದಲನೆಯದು ಒಗ್ಗುವುದು. ಅದೇ ಮದ್ದು ದಿನವೂ ಬರತೊಡಗಿದರೆ ಗ್ರಾಹಕಗಳು ಅದಕ್ಕೆ ಮೊದಲಿನಷ್ಟು ಸ್ಪಂದಿಸುವುದಿಲ್ಲ. ನೋವು ಅಷ್ಟೇ ಇಳಿಯಬೇಕಾದರೆ ಹೆಚ್ಚು ಮಾತ್ರೆ ಬೇಕಾಗುತ್ತದೆ. ಎಲ್ಲ ಪರಿಣಾಮಗಳಿಗೂ ದೇಹ ಒಂದೇ ವೇಗದಲ್ಲಿ ಒಗ್ಗುವುದಿಲ್ಲ ಎಂಬುದು ಇಲ್ಲಿನ ಅಪಾಯ. ಹಗುರಾಗುವ ಅನುಭವಕ್ಕೆ ಬೇಗ ಒಗ್ಗುತ್ತದೆ, ಉಸಿರಿನ ಮೇಲಿನ ಪರಿಣಾಮಕ್ಕೆ ಅಷ್ಟಾಗಿ ಒಗ್ಗುವುದಿಲ್ಲ, ಮಲಬದ್ಧತೆಗಂತೂ ಹೆಚ್ಚುಕಡಿಮೆ ಒಗ್ಗುವುದೇ ಇಲ್ಲ. ಹಾಗಾಗಿ ಸುಖಕ್ಕೆಂದು ಅಳತೆಯನ್ನು ಏರಿಸುತ್ತಾ ಹೋದವನಿಗೂ ಉಸಿರು ನಿಲ್ಲುವ ಅಳತೆಗೂ ನಡುವಿನ ಅಂತರ ಕಿರಿದಾಗುತ್ತಾ ಬರುತ್ತದೆ. ಇನ್ನೂ ಒಂದು ವಿಚಿತ್ರವುಂಟು: ದೀರ್ಘಕಾಲ ಇವನ್ನು ತೆಗೆದುಕೊಂಡ ಕೆಲವರಲ್ಲಿ ನರಮಂಡಲವೇ ಸೂಕ್ಷ್ಮವಾಗಿ, ಮೊದಲು ನೋಯದಿದ್ದುದೂ ನೋಯತೊಡಗುತ್ತದೆ. ನೋವು ಹೆಚ್ಚಿತೆಂದು ಮಾತ್ರೆ ಹೆಚ್ಚಿಸಿದರೆ, ಆ ಮಾತ್ರೆಯಿಂದಲೇ ನೋವು ಇನ್ನಷ್ಟು ಹೆಚ್ಚುತ್ತದೆ.

ಎರಡನೆಯದು ಆತುಕೊಳ್ಳುವುದು. ಇಬ್ಬರು ಒಂದು ಬಾಗಿಲನ್ನು ಎರಡು ಕಡೆಯಿಂದ ತಳ್ಳುತ್ತಿದ್ದಾರೆಂದು ಭಾವಿಸಿ. ಮಿದುಳಿನ ಬುಡದಲ್ಲಿ ಎಚ್ಚರ, ಗಾಬರಿ, ಬೆವರು, ಹೃದಯದ ಬಡಿತಗಳನ್ನು ಏರಿಸುವ ಜೀವಕೋಶಗಳ ಗುಂಪೊಂದಿದೆ. ಒಪಿಯಾಯ್ಡ್ ಅದನ್ನು ದಿನವೂ ಅದುಮುತ್ತದೆ. ಅದುಮಿಸಿಕೊಂಡದ್ದು ಸಮತೋಲ ಉಳಿಸಿಕೊಳ್ಳಲು ದಿನವೂ ಹೆಚ್ಚು ಬಲದಿಂದ ಎದುರು ತಳ್ಳುತ್ತದೆ. ಒಂದು ದಿನ ಮಾತ್ರೆ ಬಾರದಿದ್ದರೆ, ಎದುರು ತಳ್ಳುತ್ತಿದ್ದವನು ಬಾಗಿಲ ಸಮೇತ ಈಚೆಗೆ ಬೀಳುತ್ತಾನೆ. ನನ್ನ ಮಾವನ ಶೀತವೆಂದರೆ ಅದೇ. ಅಲ್ಪಾವಧಿ ಕೆಲಸ ಮಾಡುವ ಮದ್ದುಗಳಾದರೆ ಕೊನೆಯ ಮಾತ್ರೆಯಿಂದ 8ರಿಂದ 24 ಗಂಟೆಯೊಳಗೆ ತೊಂದರೆ ಶುರುವಾಗಿ, ಎರಡು ಮೂರನೆಯ ದಿನ ತೀವ್ರವಾಗಿ, ನಾಲ್ಕರಿಂದ ಹತ್ತು ದಿನಗಳವರೆಗೆ ಇರುತ್ತದೆ. ಮದ್ದು ಅದುಮಿಟ್ಟಿದ್ದುದೆಲ್ಲ ತಿರುಗುಮುರುಗಾಗುವುದರಿಂದ ಕಟ್ಟಿದ್ದ ಹೊಟ್ಟೆ ಭೇದಿಯಾಗುತ್ತದೆ, ಕಿರಿದಾಗಿದ್ದ ಕಣ್ಣಪಾಪೆ ಹಿಗ್ಗುತ್ತದೆ, ಒಣಗಿದ್ದ ಮೂಗು ಸುರಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಶೀತಜ್ವರವೆಂದು ತಿಳಿಯುವುದು ಎಷ್ಟು ಸಹಜವೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ವಾರ ಇವನ್ನು ನಿತ್ಯವೂ ತೆಗೆದುಕೊಂಡ ಹೆಚ್ಚುಕಡಿಮೆ ಯಾರ ದೇಹವಾದರೂ ಹೀಗೆ ಆತುಕೊಳ್ಳುತ್ತದೆ. ಅದು ಶೀಲದ ದೋಷವೂ ಅಲ್ಲ, ಚಟವೂ ಅಲ್ಲ. ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡವರೂ ಅದನ್ನು ಥಟ್ಟನೆ ನಿಲ್ಲಿಸುವಂತಿಲ್ಲ. ಅವರನ್ನು ಯಾರೂ ಚಟಗಾರರೆನ್ನುವುದಿಲ್ಲ.

ಮೂರನೆಯದು ಚಟ, ವೈದ್ಯರ ಮಾತಿನಲ್ಲಿ ವ್ಯಸನ. ಇಲ್ಲಿ ಕೆಡುವುದು ದೇಹದ ಸಮತೋಲಕ್ಕಿಂತ ಮನಸ್ಸಿನ ಆಯ್ಕೆಯ ಶಕ್ತಿ. ಮದ್ದು ತಂದ ಹಗುರುತನವನ್ನು ಮಿದುಳು ಬದುಕಿಗೆ ಬೇಕಾದ ಪಾಠವೆಂದು ಕಲಿತುಬಿಡುತ್ತದೆ. ಮಾತ್ರೆಯ ಪಟ್ಟಿ, ಅಂಗಡಿಯ ಬೋರ್ಡು, ಸಂಜೆಯ ಹೊತ್ತು ಇವೆಲ್ಲ ಆಸೆಯನ್ನು ಎಬ್ಬಿಸುವ ಗುರುತುಗಳಾಗುತ್ತವೆ. ಸುಖ ಕಡಿಮೆಯಾದ ಮೇಲೂ ‘ಬೇಕು’ ಎಂಬುದು ಕಡಿಮೆಯಾಗುವುದಿಲ್ಲ. ನೋವಿಲ್ಲದಿದ್ದರೂ ಬೇಸರಕ್ಕೆ, ನಿದ್ದೆಗೆ, ಜಗಳವಾದ ಸಿಟ್ಟಿಗೆ ಮಾತ್ರೆ ನುಂಗುವುದು, ಒಂದೇ ಅಂಗಡಿಯಲ್ಲಿ ಕೇಳಲು ಸಂಕೋಚವಾಗಿ ತೀರ್ಥಹಳ್ಳಿಯಲ್ಲೊಂದು ಸಾಗರದಲ್ಲೊಂದು ಅಂಗಡಿ ಹುಡುಕುವುದು, ಎಷ್ಟು ನುಂಗಿದೆನೆಂದು ಮನೆಯವರಿಗೆ ಸುಳ್ಳು ಹೇಳುವುದು, ಕೆಲಸ ಸಂಸಾರ ಕೆಡುತ್ತಿರುವುದು ಕಣ್ಣಿಗೆ ಕಂಡರೂ ನಿಲ್ಲಿಸಲಾಗದಿರುವುದು ಇದರ ಲಕ್ಷಣಗಳು. ದೀರ್ಘಕಾಲದ ನೋವಿಗೆ ಇವನ್ನು ತೆಗೆದುಕೊಳ್ಳುವವರಲ್ಲಿ ಸರಾಸರಿ ನೂರಕ್ಕೆ 8ರಿಂದ 12 ಮಂದಿ ಈ ಸ್ಥಿತಿಗೆ ಬರುತ್ತಾರೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ಹೇಳಿದೆ. ಸಣ್ಣ ವಯಸ್ಸು, ತನ್ನಲ್ಲಿ ಅಥವಾ ಮನೆತನದಲ್ಲಿ ಕುಡಿತದ ಇತಿಹಾಸ, ಖಿನ್ನತೆ, ಬಾಲ್ಯದಲ್ಲಿ ಅನುಭವಿಸಿದ ಹಿಂಸೆ ಇವು ಆ ಸಂಭವವನ್ನು ಹೆಚ್ಚಿಸುತ್ತವೆ. ಇದು ಕಾಯಿಲೆಯೇ, ಬೈಗುಳದಿಂದ ವಾಸಿಯಾಗುವಂಥದ್ದಲ್ಲ.

ಎಷ್ಟು ದಿನಕ್ಕೆ ಅಪಾಯ? ಮೊದಲ ಬಾರಿಗೆ ಒಪಿಯಾಯ್ಡ್ ಪಡೆದ, ಕ್ಯಾನ್ಸರ್ ಇಲ್ಲದ ಸುಮಾರು 13 ಲಕ್ಷ ಅಮೆರಿಕನ್ನರ ದಾಖಲೆಗಳನ್ನು ಪರಿಶೀಲಿಸಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 2017ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಕನಿಷ್ಠ ಒಂದು ದಿನ ಪಡೆದವರಲ್ಲಿ ನೂರಕ್ಕೆ 6 ಮಂದಿ ವರ್ಷದ ನಂತರವೂ ಅದನ್ನು ಬಳಸುತ್ತಿದ್ದರು. ಎಂಟು ದಿನ ಅಥವಾ ಹೆಚ್ಚು ಪಡೆದವರಲ್ಲಿ ಅದು 13ನ್ನು ದಾಟಿತ್ತು. 31 ದಿನ ಅಥವಾ ಹೆಚ್ಚು ಪಡೆದವರಲ್ಲಿ ಸುಮಾರು 30 ಆಗಿತ್ತು. ನೋವು ಹೆಚ್ಚಿದ್ದವರೇ ಹೆಚ್ಚು ದಿನ ಪಡೆದಿರಬಹುದೆಂಬ ಮಾತು ಸರಿಯಾದುದೇ, ಆದರೂ ಮೊದಲ ಚೀಟಿಯ ದಿನಗಳ ಸಂಖ್ಯೆ ಕೇವಲ ಅಂಕಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಕಡೆಗೆ ಇದಕ್ಕಿಂತ ಮುಖ್ಯವಾದುದು ಇನ್ನೊಂದು ಪ್ರಶ್ನೆ: ದುಡಿಮೆಯ ಸೊಂಟನೋವಿಗೆ, ಸವೆದ ಮಂಡಿಗೆ ಇವು ನಿಜವಾಗಿ ಹೆಚ್ಚು ಪ್ರಯೋಜನಕಾರಿಯೇ? ಬಹಳ ಜನ ಹೌದೆಂದು ನಂಬಿದ್ದಾರೆ, ಏಕೆಂದರೆ ‘ಪವರ್ ಜಾಸ್ತಿ’ ಇರುವ ಮಾತ್ರೆ ಎಂದು ಕೇಳಿರುತ್ತಾರೆ. 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಹಳೆಯ ಬೆನ್ನುನೋವು ಅಥವಾ ಸೊಂಟ, ಮಂಡಿಯ ಸಂಧಿವಾತವಿದ್ದ 240 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಪಿಯಾಯ್ಡ್‌ಗಳನ್ನೂ ಇನ್ನೊಂದಕ್ಕೆ ಬೇರೆ ಕುಲದ ಮದ್ದುಗಳನ್ನೂ ಕೊಟ್ಟು 12 ತಿಂಗಳು ಗಮನಿಸಲಾಯಿತು. ಓಡಾಟ, ಕೆಲಸಕಾರ್ಯಗಳಲ್ಲಿ ಒಪಿಯಾಯ್ಡ್ ಗುಂಪು ಮುಂದಿರಲಿಲ್ಲ. ಅಡ್ಡಪರಿಣಾಮಗಳು ಮಾತ್ರ ಅವರಲ್ಲಿ ಹೆಚ್ಚಾಗಿದ್ದವು. 2023ರಲ್ಲಿ ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಹುಟ್ಟಿದ ಸೊಂಟ ಮತ್ತು ಕುತ್ತಿಗೆ ನೋವಿಗೆ ನಡೆಸಿದ ಪ್ರಯೋಗದಲ್ಲಿ ಒಪಿಯಾಯ್ಡ್ ಮಾತ್ರೆಯು ಮದ್ದಿಲ್ಲದ ಖಾಲಿ ಮಾತ್ರೆಗಿಂತ ಮೇಲಾಗಿ ಕಾಣಲಿಲ್ಲ. ಮೂಳೆ ಮುರಿದ ಮೊದಲ ದಿನಗಳಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಇವುಗಳಿಗೆ ನ್ಯಾಯವಾದ ಸ್ಥಾನವಿದೆ. ಹಳೆಯ ಸೊಂಟನೋವಿಗೆ ನಿಧಾನವಾಗಿಯಾದರೂ ನಿಜವಾಗಿ ನೆರವಾಗುವುದು ಕ್ರಮವಾದ ವ್ಯಾಯಾಮ, ಫಿಸಿಯೋಥೆರಪಿ ಮತ್ತು ಭಾರ ಎತ್ತುವ ರೀತಿಯ ತಿದ್ದುಪಡಿ. ಆದರೆ ನೆಟ್ಟಿಯ ಹಂಗಾಮಿನಲ್ಲಿ ದಿನಗೂಲಿ ಬಿಟ್ಟು ವಾರಕ್ಕೆ ಮೂರು ಸಲ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದುಹೋಗೆಂದು ಒಬ್ಬ ಹೆಣ್ಣುಮಗಳಿಗೆ ಹೇಳುವುದು ಸುಲಭವಲ್ಲ, ಮಾತ್ರೆಯಾದರೆ ಅಂದೇ ಸಂಜೆ ಸಿಗುತ್ತದೆ. ಈ ತಪ್ಪನ್ನು ಮಾತ್ರೆ ನುಂಗುವವರ ತಲೆಗೆ ಕಟ್ಟುವುದು ನನಗೆ ಅನ್ಯಾಯವೆನಿಸುತ್ತದೆ.

ಟ್ರಮಡಾಲ್ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಸಾಮಾನ್ಯ ಜನರ ಮನೆಯೊಳಗೆ ಬಂದು ಕುಳಿತಿರುವ ಒಪಿಯಾಯ್ಡ್ ಅದು. ಮಾರ್ಫಿನ್ನಿಗೆ ಹೋಲಿಸಿದರೆ ಅದು ಸೌಮ್ಯ. ಆ ಸೌಮ್ಯತೆಯೇ ಅದನ್ನು ನಿರಪಾಯಕಾರಿಯೆಂದು ನಂಬಿಸಿತು. ಯಕೃತ್ತಿನ ಒಂದು ಕಿಣ್ವ ಅದನ್ನು ಹೆಚ್ಚು ಪ್ರಬಲವಾದ ರೂಪಕ್ಕೆ ಬದಲಿಸುತ್ತದೆ, ಮತ್ತು ಆ ಕಿಣ್ವ ಕೆಲವರಲ್ಲಿ ಮಂದ, ಕೆಲವರಲ್ಲಿ ಅತಿ ಚುರುಕು. ಒಂದೇ ಮಾತ್ರೆ ಒಬ್ಬರಿಗೆ ಸಾಲದೆ ಹೋದರೆ ಇನ್ನೊಬ್ಬರಿಗೆ ಅತಿಯಾಗುವುದು ಇದರಿಂದ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಟ್ರಮಡಾಲ್ ಅಥವಾ ಕೋಡೀನ್ ಕೊಡಬಾರದೆಂದೂ, ಎದೆಹಾಲು ಕುಡಿಸುವ ತಾಯಂದಿರು ತೆಗೆದುಕೊಳ್ಳಬಾರದೆಂದೂ ಅಮೆರಿಕದ ಔಷಧ ಇಲಾಖೆಯು 2017ರಲ್ಲಿ ಎಚ್ಚರಿಸಿದ್ದು ಇದಕ್ಕಾಗಿಯೇ. ಟ್ರಮಡಾಲ್ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕವನ್ನೂ ಹೆಚ್ಚಿಸುವುದರಿಂದ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ವೈದ್ಯರಿಗೆ ಹೇಳದೆ ಇದನ್ನು ನುಂಗುವುದು ಅಪಾಯಕಾರಿ; ದಿನಕ್ಕೆ 400 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದರೆ ಫಿಟ್ಸ್ ಬರುವ ಸಂಭವ ಏರುತ್ತದೆ. ಅನೇಕ ಮಾತ್ರೆಗಳಲ್ಲಿ 37.5 ಮಿಲಿಗ್ರಾಂ ಟ್ರಮಡಾಲ್ ಜೊತೆಗೆ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಸೇರಿರುತ್ತದೆ. ಪಟ್ಟಿಯ ಮೇಲೆ ಪ್ಯಾರಸಿಟಮಾಲ್ ಎಂಬ ಪರಿಚಿತ ಹೆಸರನ್ನು ಓದಿ ಜ್ವರದ ಮಾತ್ರೆಯೆಂದು ತಿಳಿದವರಿದ್ದಾರೆ.

ಕಾನೂನು ಇದನ್ನು ಗಮನಿಸಿಲ್ಲವೆಂದಲ್ಲ. 2014ರಿಂದ ಜಾರಿಯಲ್ಲಿರುವ ಷೆಡ್ಯೂಲ್ ಎಚ್1 ನಿಯಮದಂತೆ ಟ್ರಮಡಾಲ್ ಸೇರಿದಂತೆ ಹಲವು ಮದ್ದುಗಳನ್ನು ಮಾರುವಾಗ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಮದ್ದಿನ ಪ್ರಮಾಣಗಳನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ಟ್ರಮಡಾಲನ್ನು ಮಾದಕವಸ್ತು ನಿಯಂತ್ರಣ ಕಾಯಿದೆಯಡಿಗೂ ತಂದಿತು. ಪಟ್ಟಿಯ ಮೇಲೆ ಕೆಂಪು ಬಣ್ಣದಲ್ಲಿ ‘ಎನ್ಆರ್‌ಎಕ್ಸ್’ ಎಂಬ ಗುರುತಿದ್ದರೆ ಅದು ಈ ಕಾಯಿದೆಗೆ ಒಳಪಟ್ಟ ಮದ್ದು. ಮನೆಯಲ್ಲಿರುವ ಪಟ್ಟಿಗಳನ್ನೊಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಖಾಲಿ ಪಟ್ಟಿ ಚೀಟಿಯಲ್ಲ ಎಂದು ಅಂಗಡಿಯವರು ಹಿಂದಕ್ಕೆ ಕಳಿಸಿದರೆ ದಯವಿಟ್ಟು ಅವರ ಮೇಲೆ ಸಿಟ್ಟಾಗಬೇಡಿ.

ಇದು ಉತ್ತರ ಭಾರತದ, ಅಮೆರಿಕದ ಸಮಸ್ಯೆ, ನಮ್ಮದಲ್ಲ ಎನ್ನುವವರಿದ್ದಾರೆ. 2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಿದ್ಧಪಡಿಸಿದ ಸಮೀಕ್ಷೆಯ ಪ್ರಕಾರ ದೇಶದ 10ರಿಂದ 75 ವರ್ಷದವರಲ್ಲಿ ನೂರಕ್ಕೆ 2ಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 2.26 ಕೋಟಿ ಮಂದಿ ಒಪಿಯಾಯ್ಡ್‌ಗಳನ್ನು ಬಳಸುತ್ತಿದ್ದರು. ಅಂಗಡಿಯಲ್ಲಿ ಸಿಗುವ ಔಷಧಗಳ ಬಳಕೆ ಹೆರಾಯಿನ್ನಿನ ಬಳಕೆಗಿಂತ ತೀರಾ ಹಿಂದಿರಲಿಲ್ಲ. ಅಮೆರಿಕದ ದುರಂತ ಶುರುವಾದದ್ದೂ ಬೀದಿಯಲ್ಲಲ್ಲ, ಚೀಟಿಯಲ್ಲಿ. 1980ರ ಜನವರಿಯಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಐದೇ ವಾಕ್ಯಗಳ ಪತ್ರವೊಂದು ಪ್ರಕಟವಾಯಿತು: ಆಸ್ಪತ್ರೆಯಲ್ಲಿ ಈ ಮದ್ದು ಪಡೆದ 11,882 ರೋಗಿಗಳಲ್ಲಿ ನಾಲ್ವರಲ್ಲಿ ಮಾತ್ರ ಚಟ ಕಂಡಿತೆಂದು ಅದು ಹೇಳಿತ್ತು. ಅದು ಆಸ್ಪತ್ರೆಯೊಳಗಿದ್ದವರ ಲೆಕ್ಕ, ಮನೆಗೆ ಪಟ್ಟಿ ಒಯ್ದವರದಲ್ಲ. ಆದರೂ ಮುಂದಿನ ದಶಕಗಳಲ್ಲಿ ಆ ಪತ್ರವನ್ನು 600ಕ್ಕೂ ಹೆಚ್ಚು ಬಾರಿ, ಬಹುಪಾಲು ಚಟವಾಗುವುದಿಲ್ಲವೆಂಬುದಕ್ಕೆ ಆಧಾರವಾಗಿ, ಉಲ್ಲೇಖಿಸಲಾಯಿತು. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿಯು ಆಕ್ಸಿಕಾಂಟಿನ್ ಎಂಬ ಆಕ್ಸಿಕೋಡೋನ್ ಮಾತ್ರೆಯನ್ನು ತಂದು ಹಳೆಯ ಬೆನ್ನುನೋವಿಗೂ ಬರೆಯುವಂತೆ ವೈದ್ಯರಲ್ಲಿ ಪ್ರಚಾರ ಮಾಡಿತು. ತಪ್ಪು ಮಾಹಿತಿ ನೀಡಿದ್ದಕ್ಕೆ ಅದೇ ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಚೀಟಿ ಬಿಗಿಯಾದಾಗ ಆತುಕೊಂಡಿದ್ದವರಲ್ಲಿ ಹಲವರು ಹೆರಾಯಿನ್ನಿಗೆ ತಿರುಗಿದರು, ಆಮೇಲೆ ಕಳ್ಳಮಾರುಕಟ್ಟೆಯ ಫೆಂಟನಿಲ್ ಬಂತು. 2021ರಲ್ಲಿ ಅಲ್ಲಿ ಮದ್ದಿನ ಅತಿಬಳಕೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು.

ಭಾರತ ನಡೆದದ್ದು ಇದಕ್ಕೆ ವಿರುದ್ಧ ದಾರಿಯಲ್ಲಿ, ಅದೂ ಸರಿಯಾದ ದಾರಿಯಾಗಿರಲಿಲ್ಲ. 1985ರ ಮಾದಕವಸ್ತು ಕಾಯಿದೆಯ ಕಠಿಣ ಶಿಕ್ಷೆಗಳಿಗೂ ಹಲವು ಪರವಾನಗಿಗಳ ಗೋಜಿಗೂ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಶೇಕಡಾ 90ಕ್ಕೂ ಹೆಚ್ಚು ಕುಸಿಯಿತು. ಲೋಕದ ಆಸ್ಪತ್ರೆಗಳಿಗೆ ಅಫೀಮು ಒದಗಿಸುವ ದೇಶದಲ್ಲಿಯೇ ಕ್ಯಾನ್ಸರ್ ರೋಗಿಗಳು ನೋವಿನಿಂದ ಕೂಗುತ್ತಾ ಸತ್ತರು. ಕೇರಳದಲ್ಲಿ ರೋಗಿಯ ನೋವು ನರಳಾಟಗಳನ್ನು ತಗ್ಗಿಸುವ ಉಪಶಾಮಕ ಚಿಕಿತ್ಸೆಯನ್ನು ಕಟ್ಟಿ ಬೆಳೆಸಿದ ಡಾ. ಎಂ. ಆರ್. ರಾಜಗೋಪಾಲ್ ಮುಂತಾದವರ ದೀರ್ಘ ಪ್ರಯತ್ನದಿಂದ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿದಂತೆ ಆರು ಮದ್ದುಗಳು ಅಗತ್ಯ ಮಾದಕ ಔಷಧಗಳೆಂದು ಗುರುತಿಸಲ್ಪಟ್ಟವು. ಮಾನ್ಯತೆ ಪಡೆದ ಆಸ್ಪತ್ರೆಗಳು ಅವನ್ನು ಇಟ್ಟುಕೊಳ್ಳುವುದು ಸುಲಭವಾಯಿತು. ಅಡಿಕೆಯೇ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳಲ್ಲೊಂದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಅಡಿಕೆಯಿಂದಲೇ ಅನ್ನ ಉಂಡ ಮನೆಯವರಿಗೆ ಇದನ್ನು ಬರೆಯುವುದು ಸುಲಭವಲ್ಲ. ಅಂಥ ರೋಗಿಯೊಬ್ಬರ ಬಾಯಿ ತೆರೆಯಲಾಗದ ನೋವಿಗೆ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಸರಿಯಾದ ಅಳತೆಯಲ್ಲಿ ಕೊಡುವ ಮಾರ್ಫಿನ್ ಚಟವಲ್ಲ, ಚಿಕಿತ್ಸೆ. ಅವರ ದೇಹ ಅದಕ್ಕೆ ಒಗ್ಗಬಹುದು, ಆತುಕೊಳ್ಳಬಹುದು. ಅದರಿಂದ ಅವರ ಉಳಿದ ದಿನಗಳಿಗೆ ಕುಂದಿಲ್ಲ. ಮಲ ಸಡಿಲಗೊಳಿಸುವ ಮದ್ದನ್ನು ಮೊದಲ ದಿನದಿಂದಲೇ ಜೊತೆಗೆ ಕೊಡಬೇಕಷ್ಟೆ. ದಯವಿಟ್ಟು ಅವರಿಗೆ ಅದನ್ನು ತಪ್ಪಿಸಬೇಡಿ.

ಸಾವು ಬರುವುದು ಉಸಿರಿನ ದಾರಿಯಿಂದ. ಆರೋಗ್ಯವಂತರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಒಪಿಯಾಯ್ಡ್ ಅತಿಯಾದಾಗ ಅದು ಎಂಟಕ್ಕೂ ಕೆಳಗಿಳಿದು, ಕಣ್ಣಪಾಪೆ ಸೂಜಿಮೊನೆಯಷ್ಟಾಗಿ, ತುಟಿ ನೀಲಿಗಟ್ಟಿ, ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ. ಅದನ್ನು ಗಾಢ ನಿದ್ದೆಯ ಗೊರಕೆಯೆಂದು ತಿಳಿದು ಮನೆಯವರು ಬಾಗಿಲು ಎಳೆದುಕೊಂಡು ಹೋಗುವುದುಂಟು. ನಿದ್ದೆಗೆಂದು ಅಲ್ಪ್ರಜೋಲಾಮ್ ನುಂಗುವವರು, ಸಂಜೆ ಕುಡಿಯುವವರು ಇದರ ಜೊತೆ ಟ್ರಮಡಾಲ್ ಸೇರಿಸಿದರೆ ಒಂದೊಂದೂ ಪ್ರತ್ಯೇಕವಾಗಿ ಸಣ್ಣ ಅಳತೆಯದಾದರೂ ಒಟ್ಟು ಪರಿಣಾಮ ಉಸಿರನ್ನು ನಿಲ್ಲಿಸಬಹುದು. ಕರೆದರೂ ಅಲುಗಿಸಿದರೂ ಏಳದಿದ್ದರೆ 108ಕ್ಕೆ ಕರೆಮಾಡಿ, ಒಂದು ಮಗ್ಗುಲಿಗೆ ಮಲಗಿಸಿ, ನುಂಗಿದ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಬೇಕು. ನಲಾಕ್ಸೋನ್ ಎಂಬ ಚುಚ್ಚುಮದ್ದು ಗ್ರಾಹಕದಿಂದ ಒಪಿಯಾಯ್ಡನ್ನು ತಳ್ಳಿ ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ. ಅದರ ಕೆಲಸ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಷ್ಟೇ ಆದ್ದರಿಂದ, ಎಚ್ಚರವಾಯಿತೆಂದು ಕೂಡಲೇ ಮನೆಗೆ ಕರೆತರಬಾರದು. ಫೆಂಟನಿಲ್ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿಕೊಂಡಿರುವ ರೋಗಿಗಳಿರುವ ಮನೆಗಳಿಗೆ ಇನ್ನೊಂದು ಎಚ್ಚರಿಕೆ: ಅದು 72 ಗಂಟೆಗಳ ಕಾಲ ನಿಧಾನವಾಗಿ ಮದ್ದನ್ನು ಒಳಬಿಡುವಂತೆ ಮಾಡಿದ್ದು, ಬಿಸಿ ತಾಗಿದರೆ ವೇಗ ಹೆಚ್ಚುತ್ತದೆ. ಹಂಡೆಯ ಸುಡುನೀರಿನ ಸ್ನಾನ, ಒಲೆಯ ಮುಂದೆ ಮೈಕಾಯಿಸುವುದು, ಬಿಸಿನೀರಿನ ಚೀಲದ ಶಾಖ, ಹೆಚ್ಚಿದ ಜ್ವರ ಎಲ್ಲವೂ ಅಪಾಯಕಾರಿ. ತೆಗೆದುಹಾಕಿದ ಪಟ್ಟಿಯಲ್ಲಿಯೂ ಮಗುವೊಂದನ್ನು ಕೊಲ್ಲುವಷ್ಟು ಮದ್ದು ಉಳಿದಿರುತ್ತದೆ. ಅಂಟಿನ ಮಗ್ಗುಲನ್ನು ಒಳಗೆ ಮಡಿಚಿ, ಮಕ್ಕಳಿಗೂ ನಾಯಿಗೂ ಸಿಗದಂತೆ ಆಸ್ಪತ್ರೆಗೆ ಹಿಂದಿರುಗಿಸಬೇಕು.

ಆತುಕೊಂಡವರು ಇದನ್ನೋದಿ ನಾಳೆಯೇ ಮಾತ್ರೆಯನ್ನು ತೋಟಕ್ಕೆಸೆಯಬಾರದು. ಬಿಡುವುದು ಇಳಿಜಾರಿನಲ್ಲಿ ಇಳಿದಂತೆ ಹೆಜ್ಜೆಹೆಜ್ಜೆಯಾಗಿ ಆಗಬೇಕು. ಎಷ್ಟು ದಿನಕ್ಕೆ ಎಷ್ಟು ಎಂಬುದನ್ನು ವೈದ್ಯರು ತೀರ್ಮಾನಿಸಬೇಕು. ಚಟವಾಗಿರುವವರಿಗೆ ಬುಪ್ರಿನಾರ್ಫಿನ್ ಎಂಬ, ನಾಲಗೆಯಡಿ ಇಡುವ ಮಾತ್ರೆಯ ಚಿಕಿತ್ಸೆಯಿದೆ. ಅದೂ ಒಪಿಯಾಯ್ಡೇ, ಆದರೆ ಗ್ರಾಹಕವನ್ನು ಅರೆಬರೆ ಮಾತ್ರ ತೆರೆಯುತ್ತದೆ, ದೀರ್ಘಕಾಲ ನಿಲ್ಲುತ್ತದೆ, ಉಸಿರಿನ ಮೇಲೆ ಅದರ ಪರಿಣಾಮಕ್ಕೆ ಒಂದು ಮೇಲ್ಮಿತಿಯಿದೆ. ಒಂದು ಅಮಲಿಗೆ ಇನ್ನೊಂದು ಅಮಲೇ ಎಂದು ಇದನ್ನು ಹಳಿಯುವವರು ಒಂದು ಸಂಗತಿಯನ್ನು ತಿಳಿಯಬೇಕು: ಹದಿನೈದು ದಿನ ಎಲ್ಲೋ ಕೂಡಿಹಾಕಿ ‘ಬಿಡಿಸಿ’ ತಂದವರ ದೇಹದ ಒಗ್ಗುವಿಕೆ ಇಳಿದಿರುತ್ತದೆ, ಆಸೆ ಇಳಿದಿರುವುದಿಲ್ಲ, ಮನೆಗೆ ಮರಳಿ ಹಳೆಯ ಅಳತೆಯನ್ನೇ ಒಮ್ಮೆ ನುಂಗಿದರೆ ಸಾವು ಬರುವುದು ಆಗಲೇ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲ ಭೇಟಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ದಿನಕ್ಕೆ ಎಷ್ಟು ಎಂಬುದನ್ನು ಕಡಿಮೆ ಮಾಡದೆ ಹೇಳಬೇಕು. ಕಡಿಮೆ ಹೇಳಿದರೆ ವೈದ್ಯರ ಲೆಕ್ಕ ತಪ್ಪುತ್ತದೆ.

ನನ್ನ ಮಾವ ಹಾಗೆ ಹೇಳಲು ಒಪ್ಪುವುದಕ್ಕೇ ಎರಡು ವಾರ ಹಿಡಿಯಿತು. ಅವರಿಗೆ ನೋವಿಗಿಂತ ನಾಚಿಕೆ ದೊಡ್ಡದಾಗಿತ್ತು. ವೈದ್ಯರು ಎರಡು ವಾರಕ್ಕೊಂದರಂತೆ ಮಾತ್ರೆಯನ್ನು ಇಳಿಸಿದರು. ಪ್ರತಿ ಬಾರಿ ಇಳಿಸಿದಾಗಲೂ ಒಂದೆರಡು ರಾತ್ರಿ ನಿದ್ದೆಯಿಲ್ಲ, ಆಕಳಿಕೆ, ಕಾಲಿನ ಚಡಪಡಿಕೆ. ಅದು ಶೀತವಲ್ಲವೆಂದು ಈಗ ಮನೆಯವರಿಗೆಲ್ಲ ಗೊತ್ತಿತ್ತು. ಅತ್ತೆ ಕ್ಯಾಲೆಂಡರಿನ ಚೌಕಗಳಲ್ಲಿ ದಿನದ ಲೆಕ್ಕ ಬರೆದರು: ಆರು, ಐದು, ನಾಲ್ಕು. ಕೊನೆ ಕೊಯ್ಲು ಶುರುವಾಗುವ ಹೊತ್ತಿಗೆ ಚೌಕದಲ್ಲಿ ಸೊನ್ನೆ ಬಂದಿತ್ತು. ಮಾವ ಮರ ಹತ್ತುವುದನ್ನು ಬಿಟ್ಟಿದ್ದಾರೆ, ಬೆಳಗ್ಗೆ ಜಗಲಿಯ ಮೇಲೆ ಚಾಪೆ ಹಾಸಿ ಕಲಿತ ವ್ಯಾಯಾಮವನ್ನು ಮಾಡುತ್ತಾರೆ, ಮಳೆ ಹಿಡಿದ ದಿನಗಳಲ್ಲಿ ಸೊಂಟ ಈಗಲೂ ನೋಯುತ್ತದೆ.